ಓದುಗರ ಪ್ರಶ್ನೆಗಳಿಗೆ ಉತ್ತರ: ಮಧುಮೇಹವಿರುವ ಮಕ್ಕಳ ಕಾಲೇಜು ಓದು ಮತ್ತು ವಿದ್ಯಾರ್ಥಿವೇತನ

ದ್ವಿತೀಯ ಪಿಯುಸಿ ಫಲಿತಾಂಶದ ನಂತರ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕೆಲವು ಒಂದೇ ವಿಷಯವನ್ನು ಕುರಿತವು. ಮಧುಮೇಹದೊಂದಿಗೆ ಬದುಕುತ್ತಿರುವ ಮಕ್ಕಳನ್ನು ಕಾಲೇಜಿಗೆ ಕಳುಹಿಸಲು ಹಣದ ನೆರವು ಎಲ್ಲಿಂದ ಸಿಗುತ್ತದೆ ಎಂಬುದು ಅವುಗಳ ತಿರುಳು. ಹೀಗಾಗಿ ಈ ಸಂಚಿಕೆಯನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದೇನೆ. ಮಗಳಿಗೆ ಏಳನೇ ತರಗತಿಯಲ್ಲಿದ್ದಾಗಲೇ ಟೈಪ್ 1 ಮಧುಮೇಹವೆಂದು, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದೆ ದಿನವೂ ಚುಚ್ಚಿಕೊಳ್ಳಬೇಕಾದ ಬಗೆಯೆಂದು ಗೊತ್ತಾಯಿತು. ಈಗ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು ಹಾಸನದಲ್ಲಿ ಬಿಎಸ್ಸಿ ಸೇರುವವಳಿದ್ದಾಳೆ. ಮಧುಮೇಹವಿರುವ ವಿದ್ಯಾರ್ಥಿಗಳಿಗೆಂದೇ ವಿದ್ಯಾರ್ಥಿವೇತನವಿದೆ ಎಂದು ಪರಿಚಿತರೊಬ್ಬರು ಮೊಬೈಲಿನಲ್ಲಿ ತೋರಿಸಿದರು. ಅದಕ್ಕೆ ಅರ್ಜಿ ಹಾಕಬಹುದೇ?

ಉತ್ತರ: ನಿಮ್ಮ ಪರಿಚಿತರು ತೋರಿಸಿದ್ದು ಬಹುಶಃ ಅಮೆರಿಕದ ವಿದ್ಯಾರ್ಥಿವೇತನ. ಅಲ್ಲಿ ಟೈಪ್ 1 ಮಧುಮೇಹವಿದ್ದು, ಪ್ರೌಢಶಾಲೆ ಮುಗಿಸಿ ಕಾಲೇಜು ಸೇರುವ ಮಕ್ಕಳಿಗೆಂದೇ ಸೇವಾ ಸಂಸ್ಥೆಗಳು ಹಣ ಕೊಡುತ್ತವೆ. ಬಿಯಾಂಡ್ ಟೈಪ್ 1 ಎಂಬ ಸಂಸ್ಥೆಯ ಡಯಾಬಿಟಿಸ್ ಸ್ಕಾಲರ್ಸ್ ಕಾರ್ಯಕ್ರಮ ಅಂಥವುಗಳಲ್ಲಿ ಒಂದು. ಕಾಲೇಜು ಶುಲ್ಕವೂ ಇನ್ಸುಲಿನ್ ಬೆಲೆಯೂ ಕುಟುಂಬಗಳನ್ನು ಹಿಂಡುವ ಆ ದೇಶದಲ್ಲಿ ಇಂತಹ ನೆರವಿಗೆ ಅದರದೇ ಆದ ಕಾರಣವಿದೆ. ಆದರೆ ಅದು ಅಮೆರಿಕದಲ್ಲಿ ಓದುವ ಅಲ್ಲಿನ ವಿದ್ಯಾರ್ಥಿಗಳಿಗೆ ಸಲ್ಲುವಂಥದ್ದು. ಹಾಸನದ ಕಾಲೇಜಿಗೆ ಸೇರುವ ನಿಮ್ಮ ಮಗಳು ಆ ಅರ್ಜಿ ತುಂಬುವುದರಿಂದ ಪ್ರಯೋಜನವಿಲ್ಲ.

ಮಧುಮೇಹವನ್ನೇ ಅರ್ಹತೆಯಾಗಿ ಪರಿಗಣಿಸುವ ಯೋಜನೆಯನ್ನು ಹುಡುಕುತ್ತ ಕೂತರೆ, ವಿದ್ಯಾರ್ಥಿನಿಯಾಗಿ ನಿಮ್ಮ ಮಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಯೋಜನೆಗಳ ಕೊನೆಯ ದಿನಾಂಕಗಳು ದಾಟಿಹೋಗುತ್ತವೆ. ನಮ್ಮಲ್ಲಿ ನೆರವಿನ ಬಾಗಿಲುಗಳು ತೆರೆಯುವುದು ಕುಟುಂಬದ ಆದಾಯ, ಜಾತಿ-ವರ್ಗ, ಅಂಕ, ತಂದೆತಾಯಿಯರ ಉದ್ಯೋಗ ಇವುಗಳ ಆಧಾರದ ಮೇಲೆ. ಆದ್ದರಿಂದ ಕಾಯಿಲೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಆಕೆ ಯಾವ ಯಾವ ಬಾಗಿಲಿನಿಂದ ಒಳಗೆ ಹೋಗಬಲ್ಲಳೆಂದು ನೋಡಿ.

ಮೊದಲನೆಯದು ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ. ಪಿಯುಸಿ ಪರೀಕ್ಷೆಯಲ್ಲಿ ತನ್ನ ವಿಭಾಗದ ಎಲ್ಲ ವಿದ್ಯಾರ್ಥಿಗಳ ಪೈಕಿ ಮೇಲಿನ ಶೇ 20ರೊಳಗೆ ಬಂದಿರುವ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಇದಕ್ಕೆ ಅರ್ಜಿ ಸಲ್ಲಿಸಬಹುದು. ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ ವರ್ಷಕ್ಕೆ 20,000 ರೂಪಾಯಿ ದೊರೆಯುತ್ತದೆ. ಒಟ್ಟು ವೇತನಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಆದರೆ ಇದನ್ನು ಪಡೆಯುವವರು ರಾಜ್ಯ ಸರ್ಕಾರದ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಶುಲ್ಕ ವಿನಾಯಿತಿಯನ್ನಾಗಲಿ ಪಡೆಯುವಂತಿಲ್ಲ. ಹೀಗಾಗಿ ಎರಡನ್ನೂ ತೂಗಿ ನೋಡಿ ಹೆಚ್ಚು ಅನುಕೂಲವಾದದ್ದನ್ನು ಆರಿಸಿಕೊಳ್ಳಬೇಕು.

ಈ ವೇತನದ ನವೀಕರಣಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ ಶೇ 50 ಅಂಕ ಮತ್ತು ಶೇ 75 ಹಾಜರಾತಿ ಇರಬೇಕು. ನಿಮ್ಮ ಮಗಳ ಮಟ್ಟಿಗೆ ಕಾಯಿಲೆ ವಿದ್ಯಾರ್ಥಿವೇತನದ ದಾರಿಗೆ ಅಡ್ಡ ಬರಬಹುದಾದದ್ದು ಇಲ್ಲಿ. ಜ್ವರ, ವಾಂತಿ, ರಕ್ತದ ಸಕ್ಕರೆಯ ಏರುಪೇರು ಎಂದು ವರ್ಷದಲ್ಲಿ ಒಂದೆರಡು ಬಾರಿ ಆಸ್ಪತ್ರೆ ಸೇರಿದರೂ ಹಾಜರಾತಿ ಕುಸಿಯುತ್ತದೆ. ಆದ್ದರಿಂದ ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ವೈದ್ಯರ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಇಟ್ಟುಕೊಳ್ಳಲಿ. ಗೈರಾದ ವಾರದಲ್ಲೇ ಅವುಗಳ ಪ್ರತಿಯನ್ನು ಕಾಲೇಜಿನ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಸೆಮಿಸ್ಟರ್ ಮುಗಿಯುವಾಗ ಕೈಮುಗಿದು ನಿಲ್ಲುವ ಪರಿಸ್ಥಿತಿ ಆ ಮಗುವಿಗೆ ಬರಬಾರದು.

ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಮುಗಿಸಿದ್ದರೆ, ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ದೀಪಿಕಾ ವಿದ್ಯಾರ್ಥಿವೇತನಕ್ಕೆ ತಪ್ಪದೇ ಅರ್ಜಿ ಹಾಕಿಸಿ. ವರ್ಷಕ್ಕೆ 30,000 ರೂಪಾಯಿ ದೊರೆಯುವ ಈ ನೆರವು ಬಿಎಸ್ಸಿ ಓದುವ ಹುಡುಗಿಗೆ ಸಣ್ಣ ಮೊತ್ತವಲ್ಲ. ನೀವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರಾಗಿದ್ದರೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿಗೆ ಅರ್ಜಿ ಸಲ್ಲಿಸಬೇಕು. ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದೆ ಹಾಸನದಲ್ಲಿ ಕೊಠಡಿ ಮಾಡಿಕೊಂಡು ಇರುವುದಾದರೆ, ಊಟ-ವಸತಿಗಾಗಿ ಇರುವ ವಿದ್ಯಾಸಿರಿಯನ್ನೂ ವಿಚಾರಿಸಿ.

ಕಾಫಿ ಮಂಡಳಿಯು ತೋಟದ ಕಾರ್ಮಿಕರ ಮತ್ತು ಸಣ್ಣ ಬೆಳೆಗಾರರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ನೀಡುತ್ತ ಬಂದಿದೆ. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಅನೇಕ ಕುಟುಂಬಗಳಿಗೆ ಈ ಸಂಗತಿ ತಿಳಿದೇ ಇಲ್ಲ. ನೀವು ರೈಟರ್ ಆಗಿರುವುದರಿಂದ ನಿಮಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಸಕಲೇಶಪುರದಲ್ಲಿರುವ ಮಂಡಳಿಯ ಸಂಪರ್ಕಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ನಿಮಗೆ ಅನ್ವಯಿಸದಿದ್ದರೂ ನಿಮ್ಮ ತೋಟದ ಕಾರ್ಮಿಕರಿಗೆ ಆ ಮಾಹಿತಿ ಮುಟ್ಟಿಸಿದರೆ ಇನ್ನೊಂದು ಮಗುವಿನ ಓದಿಗೆ ದಾರಿಯಾಗುತ್ತದೆ.

ಪ್ರಶ್ನೆ: ನಾವು ಅರಸೀಕೆರೆಯವರು. ಮಗನಿಗೆ ಇನ್ಸುಲಿನ್ ನಡೆಯುತ್ತಿದೆ. ಮಧುಮೇಹವೂ ಅಂಗವೈಕಲ್ಯವೇ ಎಂದು ಅಂತರ್ಜಾಲದಲ್ಲಿ ಓದಿದೆವು. ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ, ಅಂಗವಿಕಲರ ವಿದ್ಯಾರ್ಥಿವೇತನವೂ ಸೀಟೂ ಸಿಗುತ್ತದೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ ಅಮ್ಮ?

ಉತ್ತರ: ಕೊಡಬೇಡಿ ತಾಯಿ. ಒಂದು ರೂಪಾಯಿಯನ್ನೂ ಕೊಡಬೇಡಿ.

ನೀವು ಅಂತರ್ಜಾಲದಲ್ಲಿ ಓದಿದ್ದು ಅಮೆರಿಕದ ಕಾನೂನಿನ ಮಾತಾಗಿರಬೇಕು. ಅಲ್ಲಿನ ಅಂಗವಿಕಲರ ಹಕ್ಕುಗಳ ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿಯ ನಂತರ ಹಾರ್ಮೋನುಗಳ ವ್ಯವಸ್ಥೆಯ ತೊಂದರೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ರಕ್ತಕ್ಕೆ ಸಂಬಂಧಿಸಿದ ತಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳು ಆ ಪಟ್ಟಿಯಲ್ಲಿವೆ, ಮಧುಮೇಹ ಇಲ್ಲ. ದಿನವೂ ಸೂಜಿ ಚುಚ್ಚಿಕೊಂಡು ಶಾಲೆಗೆ ಹೋಗುವ ಮಗುವಿನ ಕಷ್ಟವನ್ನು ಕಾನೂನು ಇನ್ನಷ್ಟು ಹತ್ತಿರದಿಂದ ನೋಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಅರ್ಜಿ ಹಾಕುವಾಗ ಇರುವ ಕಾನೂನಿನಂತೆಯೇ ನಡೆಯಬೇಕು.

ಮಧುಮೇಹದಿಂದ ಕಣ್ಣಿನ ದೃಷ್ಟಿ ಬಹಳ ಕುಂದಿದ್ದರೆ ಅಥವಾ ಕಾಲನ್ನು ಕಳೆದುಕೊಂಡಿದ್ದರೆ ಮಾತು ಬೇರೆ. ಆಗ ದೃಷ್ಟಿದೋಷವನ್ನೋ ಚಲನ ವೈಕಲ್ಯವನ್ನೋ ಸರ್ಕಾರಿ ವೈದ್ಯಕೀಯ ಮಂಡಳಿ ಅಳೆಯುತ್ತದೆ. ಅದು ಶೇ 40 ಅಥವಾ ಹೆಚ್ಚಾಗಿದ್ದರೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿನೊಂದಿಗೆ ವಿಶೇಷ ವಿದ್ಯಾರ್ಥಿವೇತನಗಳಿಗೆ ಅರ್ಹತೆ ಬರುತ್ತದೆ. ತಾಂತ್ರಿಕ ಶಿಕ್ಷಣದಲ್ಲಿರುವವರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ನೀಡುವ ವರ್ಷಕ್ಕೆ 50,000 ರೂಪಾಯಿಗಳ ಸಕ್ಷಮ್ ಅಂಥದ್ದೊಂದು. ನಿಮ್ಮ ಮಗನಿಗೆ ಇಂತಹ ತೊಂದರೆ ಇದೆಯೆಂದು ನೀವು ಬರೆದಿಲ್ಲ, ಇಲ್ಲದಿರಲಿ ಎಂದೇ ಹಾರೈಸುತ್ತೇನೆ. ಸುಳ್ಳು ಪ್ರಮಾಣಪತ್ರದಿಂದ ಸೌಲಭ್ಯ ಪಡೆದವರಿಗೆ ಅದೇ ಕಾಯ್ದೆಯ 91ನೇ ಕಲಂ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಣ ಪಡೆದ ಮಧ್ಯವರ್ತಿ ಮಾಯವಾಗುತ್ತಾನೆ, ಅರ್ಜಿಯ ಮೇಲೆ ಸಹಿ ಇರುವುದು ನಿಮ್ಮ ಮಗನದು.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಖಾಸಗಿ ಪ್ರತಿಷ್ಠಾನಗಳ ಅರ್ಜಿಗಳಲ್ಲಿ ನಮ್ಮ ಬಗ್ಗೆ ಬರೆಯಲು ಹೇಳುತ್ತಾರೆ. ಟೈಪ್ 1 ಮಧುಮೇಹವಿದೆ ಎಂದು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆಯೇ? ಮನೆಯಲ್ಲಿ ಬರೆಯಬೇಡ ಎನ್ನುತ್ತಾರೆ.

ಉತ್ತರ: ಮನೆಯವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮುಂದೆ ಮದುವೆಗೆ ತೊಂದರೆಯಾದೀತೆಂದು ಈ ಕಾಯಿಲೆಯನ್ನು ನೆಂಟರಿಂದಲೂ ಮುಚ್ಚಿಡುವ ಕುಟುಂಬಗಳು ನಮ್ಮ ಸುತ್ತ ಇವೆ. ಸರ್ಕಾರಿ ವಿದ್ಯಾರ್ಥಿವೇತನಗಳ ಆಯ್ಕೆ ಆದಾಯ, ವರ್ಗ, ಅಂಕಗಳ ಮೇಲೆ ನಡೆಯುವುದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಖಾಸಗಿ ಅರ್ಜಿಗಳಲ್ಲಿ ನಿಮ್ಮ ಪರಿಸ್ಥಿತಿಯನ್ನು ಬರೆಯಲು ಜಾಗ ಕೊಟ್ಟಿದ್ದರೆ ಬರೆಯಿರಿ ಎಂಬುದೇ ನನ್ನ ಸಲಹೆ. ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ನಿಮ್ಮ ಮನೆಯ ಖರ್ಚು ಇತರ ವಿದ್ಯಾರ್ಥಿಗಳ ಮನೆಗಿಂತ ಏಕೆ ಹೆಚ್ಚು ಎಂಬುದನ್ನು ಅದಿಲ್ಲದೆ ವಿವರಿಸಲಾಗುವುದಿಲ್ಲ.

ಹೇಗೆ ಬರೆಯುತ್ತೀರಿ ಎಂಬುದು ಮುಖ್ಯ. ಅನುಕಂಪ ಬೇಡುವ ಸಾಲುಗಳು ಬೇಡ, ಲೆಕ್ಕ ಬರೆಯಿರಿ. ಉದಾಹರಣೆಗೆ, ದಿನಕ್ಕೆ 40 ಯೂನಿಟ್ ಇನ್ಸುಲಿನ್ ಬೇಕಾಗುವವರಿಗೆ ತಿಂಗಳಿಗೆ 1,200 ಯೂನಿಟ್ ಆಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ, ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ 10 ಮಿಲಿಲೀಟರಿನ ಸೀಸೆಯಲ್ಲಿ 400 ಯೂನಿಟ್ ಇರುತ್ತದೆ, ಅಂದರೆ ತಿಂಗಳಿಗೆ ಮೂರು ಸೀಸೆ. ದಿನಕ್ಕೆ ನಾಲ್ಕು ಬಾರಿ ರಕ್ತದ ಸಕ್ಕರೆ ನೋಡಿಕೊಂಡರೆ ತಿಂಗಳಿಗೆ 120 ಸ್ಟ್ರಿಪ್. ಇವುಗಳ ಜೊತೆಗೆ ಸಿರಿಂಜು ಅಥವಾ ಪೆನ್ನಿನ ಸೂಜಿಗಳು, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ) ಪರೀಕ್ಷೆ, ವೈದ್ಯರ ಶುಲ್ಕ. ನಿಮ್ಮ ಪ್ರಮಾಣವೇನು, ನಿಮ್ಮ ಔಷಧದಂಗಡಿಯ ಬಿಲ್ಲುಗಳು ಏನು ಹೇಳುತ್ತವೆ ಎಂಬುದನ್ನು ನೋಡಿ ಒಂದು ವರ್ಷದ ಮೊತ್ತವನ್ನು ಒಂದೇ ಸಾಲಿನಲ್ಲಿ ಕೊಡಿ. ಅದರ ಮುಂದೆ ಕುಟುಂಬದ ವಾರ್ಷಿಕ ಆದಾಯ ಬರೆದರೆ ಅರ್ಜಿ ಓದುವವರಿಗೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ. ಇಷ್ಟರ ನಡುವೆಯೂ ಎಷ್ಟು ಅಂಕ ಪಡೆದಿರಿ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂಬುದಕ್ಕೆ ಹೆಚ್ಚಿನ ಜಾಗ ಕೊಡಿ.

ನೀವು ಮೊದಲ ವರ್ಷದಲ್ಲಿರುವುದರಿಂದ ರಿಲಯನ್ಸ್ ಫೌಂಡೇಶನ್ನಿನ ಪದವಿ ವಿದ್ಯಾರ್ಥಿವೇತನವನ್ನು ಗಮನಿಸಿ. ಪಿಯುಸಿಯಲ್ಲಿ ಶೇ 60 ಅಂಕ ಪಡೆದು ಪದವಿಯ ಮೊದಲ ವರ್ಷದಲ್ಲಿರುವವರಿಗೆ ಮಾತ್ರ ತೆರೆದಿರುವ ಇದರಲ್ಲಿ ಅರ್ಹತಾ ಪರೀಕ್ಷೆಯಿದ್ದು, ಪದವಿ ಮುಗಿಯುವವರೆಗೆ ಒಟ್ಟು ಎರಡು ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ನೀವು ವಿದ್ಯಾರ್ಥಿನಿಯಾಗಿದ್ದರೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವೂ ಇದೆ. ಕುಟುಂಬದ ಆದಾಯ 8 ಲಕ್ಷ ಮೀರದ, ತಾಂತ್ರಿಕ ಕೋರ್ಸಿಗೆ ಸೇರಿದ ಹುಡುಗಿಯರಿಗೆ ಅದು ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ.

ಪ್ರಶ್ನೆ: ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ತಂಗಿಯ ವಿದ್ಯಾರ್ಥಿವೇತನದ ಹಣವೆಲ್ಲ ಇನ್ಸುಲಿನ್ನಿಗೇ ಹೋಗುತ್ತಿದೆ. ಪುಸ್ತಕಕ್ಕೂ ಉಳಿಯುವುದಿಲ್ಲ. ಬೇರೆ ದಾರಿಯಿದೆಯೇ?

ಉತ್ತರ: ವಿದ್ಯಾರ್ಥಿವೇತನ ನೇರವಾಗಿ ವಿದ್ಯಾರ್ಥಿನಿಯ ಖಾತೆಗೆ ಬರುವುದರಿಂದ ಅದನ್ನು ಔಷಧಕ್ಕೆ ಬಳಸಿದ್ದು ತಪ್ಪಲ್ಲ, ಪ್ರಾಣ ಮೊದಲು. ಆದರೆ ಓದಿನ ಹಣವನ್ನೂ ಔಷಧದ ಹಣವನ್ನೂ ಬೇರೆ ಬೇರೆ ಕಡೆಗಳಿಂದ ಹೊಂದಿಸಲು ಪ್ರಯತ್ನಿಸಬೇಕು.

ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಇರುತ್ತದೆ. ಅಲ್ಲಿ ತಂಗಿಯ ಹೆಸರು ನೋಂದಾಯಿಸಿ, ಪ್ರತಿ ತಿಂಗಳ ಇನ್ಸುಲಿನ್ ಅಲ್ಲಿಂದಲೇ ಪಡೆಯಲು ಯತ್ನಿಸಿ. ಒಮ್ಮೆ ದಾಸ್ತಾನಿಲ್ಲ ಎಂದರೆ ಬೇಸರಿಸದೆ, ಯಾವಾಗ ಬರುತ್ತದೆಂದು ಕೇಳಿ ಮತ್ತೆ ಹೋಗಿ. ಹೊರಗೆ ಕೊಳ್ಳುವಾಗ ಮೊದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಬಡ ಕುಟುಂಬಗಳ ಮಕ್ಕಳಿಗೆ ಉಚಿತ ಇನ್ಸುಲಿನ್ ಒದಗಿಸುವ ಚೇಂಜಿಂಗ್ ಡಯಾಬಿಟಿಸ್ ಇನ್ ಚಿಲ್ಡ್ರನ್ ಎಂಬ ಕಾರ್ಯಕ್ರಮ ಭಾರತದಲ್ಲಿ 2011ರಿಂದ ಆಯ್ದ ಆಸ್ಪತ್ರೆಗಳ ಮೂಲಕ ನಡೆಯುತ್ತಿದೆ. ತಂಗಿಯ ವಯಸ್ಸಿಗೆ ಅದು ಅನ್ವಯಿಸುತ್ತದೆಯೇ ಎಂದು ಆಕೆಯನ್ನು ನೋಡುವ ಮಧುಮೇಹ ತಜ್ಞರನ್ನು ಕೇಳಿ. ಬೆಂಗಳೂರಿಗೆ ಹೋಗುವ ಅನುಕೂಲವಿದ್ದರೆ ಸರ್ಕಾರದ ಅಧೀನದಲ್ಲಿರುವ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿಯೂ ತೋರಿಸಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಆಸ್ಪತ್ರೆಗೆ ದಾಖಲಾದಾಗ ನೆರವಿಗೆ ಬರುತ್ತದೆ, ಮನೆಯಲ್ಲಿ ದಿನವೂ ಬಳಸುವ ಇನ್ಸುಲಿನ್ ಮತ್ತು ಸ್ಟ್ರಿಪ್ಪುಗಳ ಖರ್ಚನ್ನು ಅದರಿಂದ ನಿರೀಕ್ಷಿಸಬೇಡಿ.

ಖರ್ಚು ಉಳಿಸಲೆಂದು ಪ್ರಮಾಣ ಕಡಿಮೆ ಮಾಡಿಕೊಳ್ಳುವುದು, ಒಂದು ಹೊತ್ತಿನ ಚುಚ್ಚುಮದ್ದು ಬಿಡುವುದು ಟೈಪ್ 1 ಇರುವವರಿಗೆ ಜೀವಕ್ಕೇ ಅಪಾಯ. ಬೇವು, ಹಾಗಲ, ಪುಡಿ, ಕಷಾಯ ಯಾವುದೂ ಇನ್ಸುಲಿನ್ನಿನ ಬದಲಿಗೆ ಆಗುವುದಿಲ್ಲ. ಪಕ್ಕದ ಕೇರಳದಲ್ಲಿ ಟೈಪ್ 1 ಮಕ್ಕಳಿಗಾಗಿಯೇ ಸರ್ಕಾರ ಮಿಠಾಯಿ ಎಂಬ ಯೋಜನೆಯ ಮೂಲಕ ಇನ್ಸುಲಿನ್ನನ್ನೂ ಉಪಕರಣಗಳನ್ನೂ ಕೊಡುತ್ತಿದೆ. ಮಲೆನಾಡಿನ ಮಕ್ಕಳಿಗೂ ಅಂತಹ ಆಸರೆ ಬೇಕೆಂದು ನಮ್ಮ ಶಾಸಕರನ್ನು ಬಿಡದೆ ಕೇಳಬೇಕಾದ ಕಾಲವಿದು.

ಪ್ರಶ್ನೆ: ಕಡೂರಿನ ಹತ್ತಿರದ ಹಳ್ಳಿ ನಮ್ಮದು. ಕಾಯಿಲೆ ನನಗಲ್ಲ, ತಂದೆಗೆ. ಮಧುಮೇಹದಿಂದ ಮೂತ್ರಪಿಂಡ ಕೆಟ್ಟು ಕಳೆದ ವರ್ಷದಿಂದ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ದುಡಿಮೆ ನಿಂತಿದೆ. ಬಿಕಾಂ ಎರಡನೇ ವರ್ಷದಲ್ಲಿರುವ ನಾನು ಓದು ಬಿಡಬೇಕೇ?

ಉತ್ತರ: ಬಿಡಬೇಡಿ. ನಿಮ್ಮಂತಹ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡೇ ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್ ವಿದ್ಯಾರ್ಥಿವೇತನದಲ್ಲಿ ಒಂದು ವಿಭಾಗವಿದೆ. ಕಳೆದ ಮೂರು ವರ್ಷಗಳಲ್ಲಿ ಕುಟುಂಬದಲ್ಲಿ ಸಾವು, ಗಂಭೀರ ಕಾಯಿಲೆಯಂತಹ ಸಂಕಟ ಎದುರಾಗಿ ಓದು ನಿಲ್ಲುವ ಸ್ಥಿತಿಯಲ್ಲಿರುವವರಿಗೆ ಅಲ್ಲಿ ಆದ್ಯತೆಯಿದೆ. ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿರಬೇಕು, ಹಿಂದಿನ ಪರೀಕ್ಷೆಯಲ್ಲಿ ಶೇ 55 ಅಂಕ ಇರಬೇಕು. ತಂದೆಯವರ ಡಯಾಲಿಸಿಸ್ ದಾಖಲೆಗಳೇ ನಿಮ್ಮ ಅರ್ಜಿಯ ಬಲ. ನಿಮ್ಮದು ಜಮೀನಿರುವ ಕುಟುಂಬವಾಗಿದ್ದರೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿದೆ. ಪಹಣಿ ಯಾರ ಹೆಸರಿನಲ್ಲಿದೆ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಆಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ಆದಾಯ ಪ್ರಮಾಣಪತ್ರ ತಂದೆಯವರು ದುಡಿಯುತ್ತಿದ್ದ ಕಾಲದ್ದಾಗಿದ್ದರೆ ನಾಡಕಚೇರಿಯಲ್ಲಿ ಈಗಿನ ಸ್ಥಿತಿ ತಿಳಿಸಿ ಹೊಸದನ್ನು ಪಡೆಯಿರಿ. ಬಿಪಿಎಲ್ ಕಾರ್ಡಿದ್ದರೆ, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಖಾಸಗಿಯಲ್ಲಿ ಮಾಡಿಸುತ್ತಿದ್ದರೆ ಇದನ್ನು ಈ ವಾರವೇ ವಿಚಾರಿಸಿ.

ಪ್ರಶ್ನೆ: ಹಾಸನದ ಹಾಸ್ಟೆಲಿನಲ್ಲಿ ಇದ್ದೇನೆ. ಪರೀಕ್ಷಾ ಕೊಠಡಿಗೆ ಗ್ಲೂಕೋಸ್ ಒಯ್ಯಲು ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ಫ್ರಿಜ್ ಇಲ್ಲ. ಯಾರನ್ನು ಕೇಳಬೇಕು?

ಉತ್ತರ: ಸಿಬಿಎಸ್‌ಇ 2017ರಲ್ಲಿಯೇ ಟೈಪ್ 1 ಮಧುಮೇಹವಿರುವ 10 ಮತ್ತು 12ನೇ ತರಗತಿಯ ಮಕ್ಕಳು ಪರೀಕ್ಷೆಗೆ ಸಕ್ಕರೆ ಗುಳಿಗೆ, ಹಣ್ಣು, ಲಘು ತಿನಿಸು, ನೀರು ಒಯ್ಯಲು ಅನುಮತಿ ನೀಡಿದೆ. ಜೆಇಇ ಮೇನ್ ಪರೀಕ್ಷೆಯಲ್ಲಿಯೂ ಸಕ್ಕರೆ ಗುಳಿಗೆ, ಬಾಳೆ, ಸೇಬು, ಕಿತ್ತಳೆಯಂತಹ ಹಣ್ಣು, ಪಾರದರ್ಶಕ ನೀರಿನ ಬಾಟಲಿಗೆ ಅವಕಾಶವಿದೆ. ಈ ಉದಾಹರಣೆಗಳನ್ನು ನಮೂದಿಸಿ, ತಜ್ಞ ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಲಿಖಿತ ಮನವಿ ಕೊಡಿ. ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ತಕ್ಷಣ ಸುಮಾರು 15 ಗ್ರಾಂ ಗ್ಲೂಕೋಸ್ ಬೇಕಾಗುತ್ತದೆ ಎಂಬ ವಾಕ್ಯ ಆ ಪ್ರಮಾಣಪತ್ರದಲ್ಲಿಯೇ ಇರಲಿ. ಆಗ ಕೊಠಡಿಯ ಮೇಲ್ವಿಚಾರಕರಿಗೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಬಳಕೆಯಲ್ಲಿರುವ ಸೀಸೆಗೆ ಫ್ರಿಜ್ ಬೇಕೇ ಬೇಕೆಂದಿಲ್ಲ. ಬಿಸಿಲು ಮತ್ತು ಸೆಕೆ ತಾಗದಂತೆ ಇಟ್ಟರೆ ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು. ಬೇಸಿಗೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ತಗಲದ ಡಬ್ಬಿಯಲ್ಲಿಟ್ಟು ತೇಲಿಬಿಡಿ. ತೆರೆಯದ ಸೀಸೆಗಳನ್ನು ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಬೇಕಾದ್ದರಿಂದ ವಾರ್ಡನ್ ಅವರ ಕಚೇರಿಯಲ್ಲೋ ಪರಿಚಿತ ಔಷಧದಂಗಡಿಯಲ್ಲೋ ಜಾಗ ಕೇಳಿಕೊಳ್ಳಿ. ಸಿರಿಂಜು ಕೊಳ್ಳುವಾಗ 40 ಯೂನಿಟ್ಟಿನ ಸೀಸೆಗೆ 40ರ ಸಿರಿಂಜನ್ನೇ ಕೊಳ್ಳಿ. 100ರ ಸಿರಿಂಜು ಬಳಸಿದರೆ ಪ್ರಮಾಣ ತಪ್ಪುತ್ತದೆ. ನಿಮ್ಮ ಕೊಠಡಿಯ ಇಬ್ಬರು ಗೆಳೆಯರಿಗಾದರೂ ನಿಮ್ಮ ಕಾಯಿಲೆಯ ವಿಷಯ ಮತ್ತು ಗ್ಲೂಕೋಸ್ ಇಟ್ಟಿರುವ ಜಾಗ ಗೊತ್ತಿರಲಿ.

ಪ್ರಶ್ನೆ: ಬೇಲೂರಿನವಳು. ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ ಎಂದು ತೋರಿಸುತ್ತಿದೆ, ಹಣ ಬಂದಿಲ್ಲ.

ಉತ್ತರ: ಹೆಚ್ಚಿನ ಪ್ರಕರಣಗಳಲ್ಲಿ ತೊಡಕಿರುವುದು ಬ್ಯಾಂಕ್ ಖಾತೆಯಲ್ಲಿ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು, ನೇರ ನಗದು ವರ್ಗಾವಣೆಗಾಗಿ ಅದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ವ್ಯವಸ್ಥೆಯಲ್ಲಿ ಜೋಡಣೆಯಾಗಿರಬೇಕು. ಬ್ಯಾಂಕಿನಲ್ಲಿ ಹೀಗೆಯೇ ಕೇಳಿ. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ, ಮರೆತುಹೋದ ಹಳೆಯ ಖಾತೆಯಲ್ಲಿ ಬಿದ್ದಿರಲೂಬಹುದು. ಆಧಾರ್‌ನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದುತ್ತದೆಯೇ ನೋಡಿ, ಹೊಂದದಿದ್ದರೆ ಮುಂದಿನ ವರ್ಷದ ಅರ್ಜಿಗೆ ಮೊದಲೇ ತಿದ್ದಿಸಿ. ಎರಡೂ ಸರಿಯಿದ್ದು ಹಣ ಬಾರದಿದ್ದರೆ ಅರ್ಜಿಯ ಪ್ರತಿಯೊಂದಿಗೆ ನಿಮ್ಮ ವರ್ಗಕ್ಕೆ ಸಂಬಂಧಿಸಿದ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ದೂರನ್ನು ಬರವಣಿಗೆಯಲ್ಲಿ ಕೊಡಿ.